ಕಲ್ಲುಸಂಕದ ಹಾರನ್

"ಅಯ್ಯೋ!"

ಪವಿತ್ರಾ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಬಸ್ಸಿನ ಬ್ರೇಕು ಅಷ್ಟು ಜೋರಾಗಿ ಕಿರುಚಿತ್ತು. ಕಣ್ಣು ಬಿಟ್ಟಾಗ ಅವಳು ಚರಂಡಿಯಲ್ಲಿದ್ದಳು, ಸೈಕಲ್ಲು ಅವಳ ಮೇಲಿತ್ತು, ಡಬ್ಬಿಯಲ್ಲಿದ್ದ ಚಿತ್ರಾನ್ನ ರಸ್ತೆಯ ಮೇಲಿತ್ತು.

ಹಸಿರು ಬಸ್ಸು ಒಂದು ಮಾರು ದೂರದಲ್ಲಿ ಅಡ್ಡಾದಿಡ್ಡಿ ನಿಂತಿತ್ತು. ಡ್ರೈವರ್ ಬಾಗಿಲು ತೆಗೆದು ಕೆಳಗೆ ಧುಮುಕಿದ.

"ಪೆಟ್ಟಾಯ್ತಾ? ಏಳಿ, ಏಳಿ... ಕೈ ಕೊಡಿ!"

ಕೈ ಕೊಡುವುದಾ! ಅವಳು ತಾನೇ ಎದ್ದಳು. ಮೊಣಕೈ ಉರಿಯುತ್ತಿತ್ತು. ಬಸ್ಸಿನ ಕಿಟಕಿಗಳಿಂದ ಇಣುಕುತ್ತಿದ್ದ ತಲೆಗಳನ್ನು ನೋಡಿ ಮೈಯೆಲ್ಲ ಉರಿಯಿತು.

"ಇಂಥ ತಿರುವಲ್ಲಿ ಹೀಗಾ ಬರೋದು? ನಿಮ್ಮ ಬಸ್ಸಿಗೆ ಹಾರನ್ ಅನ್ನೋದು ಇಲ್ವಾ?"

"ಇದೆ... ಚೌಡಮ್ಮನ ಕಲ್ಲು ಇನ್ನೂ ಮುಂದಿದೆಯಲ್ಲ, ಅಲ್ಲಿ ಹೊಡೀತೀನಿ."

ಆ ರಸ್ತೆ ಬಲ್ಲವರಿಗೆ ಈ ಉತ್ತರ ವಿಚಿತ್ರವೇನಲ್ಲ. ನರಸಿಂಹರಾಜಪುರದಿಂದ ಕೊಪ್ಪಕ್ಕೆ ಬರುವಾಗ, ಬಾಳಗಡಿಗೆ ಸ್ವಲ್ಪ ಮೊದಲು, ಕಲ್ಲುಸಂಕ ಎಂಬ ಸಣ್ಣ ಸೇತುವೆ ಸಿಗುತ್ತದೆ. ಅದು ದಾಟಿದರೆ ಇಳಿಜಾರಿನ ತಿರುವು. ಒಂದು ಕಡೆ ಗುಡ್ಡ ಕಡಿದ ಎತ್ತರದ ಧರೆ, ಇನ್ನೊಂದು ಕಡೆ ಚರಂಡಿ, ಎದುರಿಗೆ ಏನೂ ಕಾಣುವುದಿಲ್ಲ. ತಿರುವು ಮುಗಿದ ಮೇಲೆ ಚೌಡಮ್ಮನ ಕಲ್ಲು. ಅಲ್ಲಿ ಒಂದು ಹಾರನ್ ಹೊಡೆದು, ಕೈ ಎದೆಗೆ ಮುಟ್ಟಿಸಿಕೊಳ್ಳದೆ ಯಾವ ಡ್ರೈವರೂ ಮುಂದೆ ಹೋಗುವುದಿಲ್ಲ.

"ಚೌಡಮ್ಮನಿಗೆ ಹೊಡೀತೀರಲ್ಲ, ತಿರುವಿಗೆ ಮೊದಲು ಮನುಷ್ಯರಿಗೂ ಒಂದು ಹೊಡೆದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅವಳು ಸಿಡುಕಿದಳು.

ಅವನು ಅವಳ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು, ಸೊಟ್ಟಗಾಗಿದ್ದ ಹ್ಯಾಂಡಲನ್ನು ನೆಟ್ಟಗೆ ಮಾಡಿದ. ಬೆಲ್ ಒಮ್ಮೆ ಬಾರಿಸಿ ನೋಡಿದ.

"ಲೋಕೇಶಾ, ಟೈಮಾಯ್ತು ಮಾರಾಯ!" ಕಂಡಕ್ಟರ್ ಕೂಗಿದ.

'ಓ, ಇವನ ಹೆಸರು ಲೋಕೇಶ...' ಎಂದುಕೊಂಡಳು ಪವಿತ್ರಾ. ಮರುಕ್ಷಣವೇ ತನ್ನ ಮೇಲೆ ತನಗೇ ಸಿಟ್ಟು ಬಂತು. ಕೊಲ್ಲಲು ಬಂದವನ ಹೆಸರು ಕಟ್ಟಿಕೊಂಡು ತನಗೇನಾಗಬೇಕು?

*

ಅದು ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದ ಹೊಸತು. ಬಾಳಗಡಿಯ ಹೈಸ್ಕೂಲಿಗೆ ಪವಿತ್ರಾ ಆಗಷ್ಟೇ ಆಟದ ಟೀಚರಾಗಿ ಸೇರಿದ್ದಳು. ಕಾಯಂ ಕೆಲಸವಲ್ಲ, ಆದರೆ ಅವಳ ಉತ್ಸಾಹ ಮಾತ್ರ ಕಾಯಂ ಆಗಿತ್ತು!

ಸೈಕಲ್ ಪಡೆದ ಹುಡುಗಿಯರೆಲ್ಲ ಸೈಕಲ್ಲಿನಲ್ಲೇ ಬರುತ್ತಾರೆ ಎಂದುಕೊಂಡಿದ್ದಳು. ಒಬ್ಬಳೂ ಬರಲಿಲ್ಲ. ವಿಚಾರಿಸಿದರೆ ಕೆಲವು ಸೈಕಲ್ಲುಗಳು ಕೊಟ್ಟಿಗೆ ಸೇರಿದ್ದವು. ಇನ್ನು ಕೆಲವಕ್ಕೆ ಅಪ್ಪಂದಿರು ಹಾಲಿನ ಕ್ಯಾನು ಕಟ್ಟಿಕೊಂಡು ಡೈರಿಗೆ ಹೋಗುತ್ತಿದ್ದರು. ಹುಡುಗಿಯರು ಮಾತ್ರ ತುಂಬಿದ ಬಸ್ಸಿಗೆ ಕೈ ಒಡ್ಡಿ, ಅದು ನಿಲ್ಲದೆ ಹೋದರೆ ಮನೆಗೆ ವಾಪಸಾಗುತ್ತಿದ್ದರು. ಹೀಗೇ ವಾಪಸಾಗಿ ವಾಪಸಾಗಿ ಎಂಟನೇ ಕ್ಲಾಸಿನ ರಮ್ಯಳ ಅಕ್ಕ ಶಾಲೆಯನ್ನೇ ಬಿಟ್ಟಿದ್ದಳು.

ಈಗ ರಮ್ಯಳ ಸರದಿ. ಪವಿತ್ರಾ ನೇರವಾಗಿ ಅವಳ ಅಪ್ಪ ಪುಟ್ಟಪ್ಪನ ಅಂಗಳಕ್ಕೇ ಹೋದಳು.

"ಆ ತಿರುವು ನೋಡಿದೀರಾ ಟೀಚರ್? ಬಸ್ಸಿನೋರು ಹುಚ್ಚು ಹಿಡಿದಂಗೆ ಬರ್ತಾರೆ," ಎಂದ ಪುಟ್ಟಪ್ಪ.

"ನೋಡಿದೀನಿ ಪುಟ್ಟಪ್ಪನೋರೆ, ಅದೇ ಚರಂಡಿಗೆ ಬಿದ್ದೂ ಬಂದಿದೀನಿ," ಎಂದು ಅವಳು ಮೊಣಕೈ ತೋರಿಸಿದಳು. "ಅದಕ್ಕೇ ಒಬ್ಬೊಬ್ರೇ ಬೇಡ. ಎಲ್ಲರೂ ಒಟ್ಟಿಗೆ, ಒಬ್ಬರ ಹಿಂದೆ ಒಬ್ಬರು. ಕಡೇಲಿ ನಾನಿರ್ತೀನಿ. ಸೈಕಲ್ ಹಿಂದೆ ಕೆಂಪು ಬಟ್ಟೆ ಕಟ್ಟಿರ್ತೀವಿ. ದೊಡ್ಡ ಗಾಡಿ ಬಂದ್ರೆ ಇಳಿದು ರಸ್ತೆ ಬಿಟ್ಟು ನಿಲ್ತೀವಿ."

ಪುಟ್ಟಪ್ಪ ಬಹಳ ಹೊತ್ತು ತಲೆ ಕೆರೆದುಕೊಂಡ.

"ಆಯ್ತು, ಕಳಿಸ್ತೀನಿ. ಆದ್ರೆ ಒಂದು ಸಲ ಏನಾದ್ರೂ ಹೆಚ್ಚುಕಮ್ಮಿ ಆಯ್ತೋ... ಸೈಕಲ್ಲೂ ಇಲ್ಲ, ಶಾಲೆಯೂ ಇಲ್ಲ. ನಾನು ಒಬ್ಬನೇ ಅಲ್ಲ, ಊರೋರೆಲ್ಲ ಇದೇ ಹೇಳೋದು."

ಹೀಗೆ ಶುರುವಾಯಿತು ಸೈಕಲ್ಲುಗಳ ಸಾಲು. ಚಳಿಗಾಲದ ಮಂಜಿನಲ್ಲಿ ಎರಡು ಜಡೆಯ ಹುಡುಗಿಯರು, ಹಿಂದೆ ಕೆಂಪು ಬಟ್ಟೆ, ಕೊನೆಯಲ್ಲಿ ಪವಿತ್ರಾ. ನೋಡಿದವರು ನಿಂತು ನೋಡುತ್ತಿದ್ದರು.

ಮೊದಲ ದಿನವೇ, ಅವರು ತಿರುವಿಗೆ ಬರುವ ಹೊತ್ತಿಗೆ, ಹಿಂದೆ ದೂರದ ಕಲ್ಲುಸಂಕದಿಂದ ಹಾರನ್ ಕೇಳಿಸಿತು.

ಪೋಂ... ಪೋಂ... ಪೋಂ...ಓಂ...!

ಹುಡುಗಿಯರು ಇಳಿದು ನಿಂತರು. ಹಸಿರು ಬಸ್ಸು ನಿಧಾನವಾಗಿ ಬಂದು, ದಾಟಿ ಹೋಯಿತು. ಡ್ರೈವರ್ ಸೀಟಿನಲ್ಲಿ ಅದೇ ಲೋಕೇಶ! ಅವಳತ್ತ ಒಮ್ಮೆ ನೋಡಿದ. ನಕ್ಕನೋ ಇಲ್ಲವೋ, ಮಂಜಿನಲ್ಲಿ ಗೊತ್ತಾಗಲಿಲ್ಲ.

ಮಾರನೇ ದಿನವೂ ಅದೇ ಹಾರನ್. ಅದರ ಮಾರನೇ ದಿನವೂ... ಬರಬರುತ್ತಾ ಅದು ಇನ್ನಷ್ಟು ಉದ್ದವಾಯಿತು.

"ಟೀಚರ್, ನಿಮ್ಮ ಹಾರನ್ ಬಂತು!" ಎಂದಳು ರಮ್ಯ. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

"ಬಾಯಿ ಮುಚ್ಚಿಕೊಂಡು ಇಳೀರಿ!"

ಗದರಿಸಿದಳೇನೋ ಸರಿ. ಆದರೆ ಅವಳ ಕೆನ್ನೆ ಬಿಸಿಯಾಗಿತ್ತು. 'ಅವತ್ತು ನಾನು ಬೈದಿದ್ದಕ್ಕೆ ಅಣಕಿಸ್ತಿದಾನಾ? ಎಷ್ಟು ಕೊಬ್ಬು!' ಎಂದು ಮನಸ್ಸು ಹೇಳಿತು. ಆದರೆ ಅದೇ ಮನಸ್ಸು ಬೆಳಿಗ್ಗೆ ಕನ್ನಡಿ ಮುಂದೆ ಒಂದು ನಿಮಿಷ ಹೆಚ್ಚು ನಿಲ್ಲಲು ಶುರುಮಾಡಿತ್ತು. ಅದನ್ನು ಮಾತ್ರ ಅವಳು ಒಪ್ಪಿಕೊಳ್ಳಲಿಲ್ಲ.

*

ಊರು ಸುಮ್ಮನಿರುತ್ತದೆಯೇ?

ಚೌಡಮ್ಮನ ಕಲ್ಲಿನ ಹತ್ತಿರ ಹಾರನ್ ಹೊಡೆದರೆ ಅದು ದೇವರಿಗೆ. ಕಲ್ಲುಸಂಕದಲ್ಲಿ ದೇವರೂ ಇಲ್ಲ, ಸ್ಟಾಪೂ ಇಲ್ಲ. ಹಾಗಾದರೆ ಅಲ್ಲಿ ಹೊಡೆಯುವುದು ಯಾರಿಗೆ? ಟೀಚರಿಗೇ! ಬಾಳಗಡಿಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಜನ ಇಷ್ಟನ್ನು ತೀರ್ಮಾನ ಮಾಡಿಬಿಟ್ಟರು.

ಮಾತು ಪವಿತ್ರಾಳ ಅಮ್ಮ ಭೈರಮ್ಮನ ಕಿವಿಗೂ ಬಿತ್ತು. ಭೈರಮ್ಮ ಕಾಫಿ ಎಸ್ಟೇಟಿನಲ್ಲಿ ಕೂಲಿ ಮಾಡಿ ಮಗಳನ್ನು ಓದಿಸಿದವಳು. ಮಂಗಳವಾರ, ಶುಕ್ರವಾರ ಚೌಡಮ್ಮನ ಕಲ್ಲಿಗೆ ದೀಪ ಹಚ್ಚುವವಳೂ ಅವಳೇ.

"ಎಂತದೇ ಇದು ಮಾರಾಯ್ತಿ? ಎಸ್ಟೇಟಲ್ಲಿ ಹೆಂಗಸ್ರೆಲ್ಲ ನನ್ನ ಕಂಡ್ರೆ ಪೋಂ ಪೋಂ ಅಂತಾರೆ!"

"ಅಮ್ಮಾ, ಅವನ ಹತ್ರ ನಾನು ಸರಿಯಾಗಿ ಮಾತೂ ಆಡಿಲ್ಲ!"

"ನಂಗೊತ್ತು. ಊರಿಗೆ ಗೊತ್ತಾಗ್ಬೇಕಲ್ಲ?"

ಊರಿಗೆ ಗೊತ್ತಾಗಲಿಲ್ಲ. ಮುಂದಿನ ಸೋಮವಾರ ಸಾಲಿನಲ್ಲಿ ರಮ್ಯ ಇರಲಿಲ್ಲ. ಪವಿತ್ರಾ ಅವಳ ಮನೆಗೆ ಹೋದರೆ ಪುಟ್ಟಪ್ಪ ಮುಖ ಕೊಟ್ಟು ಮಾತಾಡಲಿಲ್ಲ.

"ಬೇಜಾರು ಮಾಡ್ಕೋಬೇಡಿ ಟೀಚರ್. ಬಸ್ ಡ್ರೈವರ್ ಹಾರನ್ ಹೊಡೆದು ಕರೆಯೋ ಸಾಲಲ್ಲಿ ನನ್ನ ಮಗಳು ಬೇಡ. ನಾಳೆ ಅವಳಿಗೂ ಮಾತು ಬರುತ್ತೆ."

ಬಾಗಿಲ ಸಂದಿಯಲ್ಲಿ ರಮ್ಯ ಅಳುತ್ತಿದ್ದಳು. ಇವತ್ತು ರಮ್ಯ, ನಾಳೆ ಇನ್ನೊಬ್ಬಳು... ಒಬ್ಬನ ಹುಡುಗಾಟಕ್ಕೆ ಈ ಮಕ್ಕಳ ಓದು ಬಲಿಯಾಗಬೇಕಾ?

ಅವತ್ತೇ ಸಂಜೆ ಕೊಪ್ಪದ ಬಸ್ ಸ್ಟ್ಯಾಂಡಿಗೆ ಹೋದಳು. ಹಸಿರು ಬಸ್ಸುಗಳ ಮಾಲೀಕ ಸೋಮಶೇಖರಪ್ಪ ಅಲ್ಲೇ ಕೌಂಟರಿನ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವಳ ಮಾತು ಕೇಳಿ ಲೋಕೇಶನನ್ನು ಕರೆಸಿದರು.

"ಏನೋ, ಕಲ್ಲುಸಂಕದ ಹತ್ರ ಈ ಟೀಚರಮ್ಮನಿಗೆ ಹಾರನ್ ಹೊಡೀತೀಯಂತೆ, ಹೌದಾ?"

ಲೋಕೇಶ ಅವಳನ್ನು ನೋಡಿದ. ಅವನ ತುಟಿ ಏನೋ ಹೇಳಲು ತೆರೆದುಕೊಂಡಿತು. ಮತ್ತೆ ಮುಚ್ಚಿಕೊಂಡಿತು. ತಲೆ ತಗ್ಗಿಸಿ ನಿಂತುಬಿಟ್ಟ.

"ಮಾತಾಡೋ!"

ಇಲ್ಲ. ಒಂದೇ ಒಂದು ಮಾತಿಲ್ಲ.

"ನಾಳೆಯಿಂದ ನೀನು ಶೃಂಗೇರಿ ರೂಟಿಗೆ ಹೋಗು. ಸಾಕಾ ಟೀಚರಮ್ಮ?"

"ಸಾಕು ಸಾರ್," ಎಂದಳು. 'ಒಂದು ಮಾತು ಆಡಬಾರದಿತ್ತಾ? ತಪ್ಪಾಯ್ತು ಅಂತಲಾದರೂ?' ದಾರಿಯುದ್ದಕ್ಕೂ ಇದೇ ಯೋಚನೆ. ಪೆಡಲ್ ತುಳಿದದ್ದೂ ಗೊತ್ತಾಗಲಿಲ್ಲ, ಮನೆ ಬಂದದ್ದೂ ಗೊತ್ತಾಗಲಿಲ್ಲ.

*

ಹಾರನ್ ನಿಂತಿತು. ಊರಿನ ಬಾಯಿಯೂ ನಿಂತಿತು. ರಮ್ಯ ಸಾಲಿಗೆ ವಾಪಸ್ಸು ಬಂದಳು.

ಎಲ್ಲವೂ ಪವಿತ್ರಾ ಬಯಸಿದಂತೆಯೇ ಆಗಿತ್ತು. ಆದರೂ ಕಲ್ಲುಸಂಕ ದಾಟಿ ತಿರುವು ಹತ್ತಿರವಾದಾಗ ಅವಳ ಕಿವಿ ತಾನಾಗಿಯೇ ಹಿಂದಕ್ಕೆ ತಿರುಗುತ್ತಿತ್ತು. ಬರೀ ಹಕ್ಕಿಯ ಸದ್ದು. ಚೈನಿನ ಕಿರಿಕಿರಿ. 'ಏನು ಕಾಯ್ತಿದೀಯೇ, ಹುಚ್ಚಿ?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆ ಶುಕ್ರವಾರ ಮಂಜು ದಟ್ಟವಾಗಿತ್ತು. ಮುಂದಿನವಳ ಕೆಂಪು ಬಟ್ಟೆ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ರಮ್ಯ ಚೈನು ಬಿದ್ದು ಹಿಂದೆ ಉಳಿದಿದ್ದಳು. ಪವಿತ್ರಾ ಚೈನು ಹಾಕಿಕೊಟ್ಟು, ಅವಳನ್ನು ಮುಂದೆ ಬಿಟ್ಟು, ತಾನು ಹಿಂದೆಯೇ ಹೊರಟಳು. ತಿರುವಿನ ನಡುವೆ ಇದ್ದಾಗ ಬೆನ್ನ ಹಿಂದೆ ಒಮ್ಮೆಲೇ ಇಂಜಿನ್ನಿನ ಸದ್ದು...

"ರಮ್ಯಾ! ಹಾರು!"

ಇಬ್ಬರೂ ಚರಂಡಿಗೆ ಬಿದ್ದರು. ರಮ್ಯಳ ಸೈಕಲ್ಲು ರಸ್ತೆಯಲ್ಲೇ ಉಳಿಯಿತು. ಬಸ್ಸಿನ ಚಕ್ರ ಅದರ ಹಿಂದಿನ ಚಕ್ರದ ಮೇಲೆ ಹತ್ತಿ, ಮುಂದೆ ಹೋಗಿ ನಿಂತಿತು. ಹೊಸ ಡ್ರೈವರ್ ಬಿಳಿಚಿಕೊಂಡು ಇಳಿದು ಬಂದ. ಪಾಪ, ಅವನೂ ಎಲ್ಲರಂತೆ ಚೌಡಮ್ಮನ ಕಲ್ಲಿನ ಹತ್ತಿರ ಹಾರನ್ ಹೊಡೆಯುವವನಿದ್ದ.

ಪವಿತ್ರಾ ರಮ್ಯಳನ್ನು ತಬ್ಬಿಕೊಂಡು ಮೈಯೆಲ್ಲ ಮುಟ್ಟಿ ನೋಡಿದಳು. ಮೊಣಕಾಲು ತರಚಿತ್ತು, ಅಷ್ಟೇ. ದೇವರು ದೊಡ್ಡವನು.

"ಯಾಕೆ ಇಳೀಲಿಲ್ಲ ನೀನು? ನಾನು ಹೇಳಿಕೊಟ್ಟಿಲ್ವಾ?" ಎಂದು ಕೇಳಿದಳು.

ರಮ್ಯ ಬಿಕ್ಕುತ್ತಾ ಹೇಳಿದಳು, "ಸಂಕದ ಹಾರನ್ ಬರಲಿಲ್ವಲ್ಲ ಟೀಚರ್... ಅದು ಕೇಳಿದ ಮೇಲೆ ತಾನೇ ನಾವು ಇಳೀತಿದ್ದಿದ್ದು?"

ಪವಿತ್ರಾ ಹಾಗೇ ಕೂತುಬಿಟ್ಟಳು.

ಸಂಕದಿಂದ ತಿರುವಿಗೆ ಬಸ್ಸು ಬರುವಷ್ಟರಲ್ಲಿ ಮಕ್ಕಳು ಇಳಿದು ಪಕ್ಕಕ್ಕೆ ಸರಿಯಬಹುದಿತ್ತು. ಅದಕ್ಕೇ ಅಲ್ಲಿ! 'ತಿರುವಿಗೆ ಮೊದಲು ಮನುಷ್ಯರಿಗೂ ಒಂದು ಹೊಡೆದ್ರೆ ನಿಮ್ಮ ಗಂಟೇನು ಹೋಗುತ್ತೆ?' ಎಂದು ಕೂಗಿದ್ದು ಯಾರು? ಅವಳೇ! ಅವಳು ಕೇಳಿದ್ದನ್ನೇ ಅವನು ದಿನವೂ ತಪ್ಪದೆ ಕೊಟ್ಟಿದ್ದ. ಮಾಲೀಕರ ಹತ್ತಿರ ಹೋಗಿ ಅದನ್ನು ನಿಲ್ಲಿಸಿ ಬಂದವಳೂ ಅವಳೇ.

"ದೇವರೇ... ನಾನು ಎಂಥ ಕೆಲಸ ಮಾಡಿದೆ!"

ಕಣ್ಣೀರು ಧಾರಾಕಾರ ಹರಿಯಿತು. ರಮ್ಯ ತನ್ನ ನೋವು ಮರೆತು ಟೀಚರ್ ಕಣ್ಣು ಒರೆಸಿದಳು.

*

ಅವತ್ತು ಸಂಜೆ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸಂತೆಯಷ್ಟು ಜನ. ಪುಟ್ಟಪ್ಪ ಜಜ್ಜಿಹೋದ ಸೈಕಲ್ಲನ್ನು ಹೊತ್ತು ತಂದು ಸೋಮಶೇಖರಪ್ಪನವರ ಕುರ್ಚಿ ಮುಂದೆ ಹಾಕಿದ್ದ. ಅವನ ಹಿಂದೆ ಇನ್ನಷ್ಟು ಅಪ್ಪಂದಿರು. ನಾಳೆಯಿಂದ ಯಾರ ಮಗಳೂ ಸೈಕಲ್ ಮುಟ್ಟುವುದಿಲ್ಲ ಎಂದು ಅವರೆಲ್ಲ ಒಂದೇ ಮಾತು ಹೇಳುತ್ತಿದ್ದರು.

ಪವಿತ್ರಾ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಹಿಂದೆ ಭೈರಮ್ಮ.

ಈಗ ಬಾಯಿ ಬಿಟ್ಟರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಈಗಷ್ಟೇ ಮುಚ್ಚಿದ ಊರಿನ ಬಾಯಿ ಮತ್ತೆ ತೆರೆಯುತ್ತದೆ. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ, ಆದರೆ ಮಕ್ಕಳ ಸೈಕಲ್ಲು ಮತ್ತೆ ಕೊಟ್ಟಿಗೆ ಸೇರುತ್ತದೆ. ಅವಳು ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡಳು.

"ಸಾರ್, ತಪ್ಪು ನಂದು. ಕಲ್ಲುಸಂಕದ ಹಾರನ್ ನಂಗಲ್ಲ, ಮಕ್ಕಳಿಗೆ ಹೊಡೀತಿದ್ದಿದ್ದು. ನಾನೇ ತಿಳೀದೆ ನಿಲ್ಲಿಸಿದೆ. ನನಗೆ ಆ ಹಾರನ್ ವಾಪಸ್ ಬೇಕು."

ಸೋಮಶೇಖರಪ್ಪನವರ ಮೀಸೆಯ ಕೆಳಗೆ ನಗು ಕಾಣಿಸಿತು.

"ಅಲ್ಲ ಟೀಚರಮ್ಮ, ಸರಿಯಾಗಿ ಹೇಳಿ. ನಿಮಗೆ ಹಾರನ್ ಬೇಕೋ, ಡ್ರೈವರ್ ಬೇಕೋ?"

ಇಡೀ ಬಸ್ ಸ್ಟ್ಯಾಂಡ್ ಗೊಳ್ಳೆಂದಿತು. ಪವಿತ್ರಾಳ ಮುಖ ಕೆಂಪೇರಿತು, ಕಣ್ಣು ತುಂಬಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ.

"ಹಾರನ್ ಬೇಕು ಸಾರ್. ಒಂದು ಬಸ್ಸಿಂದ ಅಲ್ಲ, ಆ ರಸ್ತೇಲಿ ಓಡೋ ಎಲ್ಲಾ ಬಸ್ಸಿಂದ."

ನಗು ಅಲ್ಲಲ್ಲೇ ಉಡುಗಿತು. ಪುಟ್ಟಪ್ಪ ಜನರ ಕಡೆ ತಿರುಗಿ, "ನಗೋಕೆ ಎಂತದಿದೆ ಇದ್ರಲ್ಲಿ? ನನ್ನ ಮಗಳು ಉಳಿದಿದ್ದೇ ಹೆಚ್ಚು," ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ, "ಮಾತು ಕಟ್ಟಿದವರಲ್ಲಿ ನಾನೂ ಇದ್ದೆ."

ಸೋಮಶೇಖರಪ್ಪ ಗಂಭೀರರಾದರು. "ಹೇಳಬಹುದಮ್ಮ. ಆದ್ರೆ ಬೇರೆ ಬಸ್ಸಿನೋರೂ ಇದಾರೆ, ಲಾರಿ, ಜೀಪಿನೋರೂ ಇದಾರೆ. ನಾಕು ದಿನ ಹೊಡೀತಾರೆ, ಐದನೇ ದಿನ ಮರೀತಾರೆ. ಬೋರ್ಡು ಹಾಕಿದ್ರೂ ಓದೋರು ಯಾರು?"

ಆಗ ಭೈರಮ್ಮ ಮುಂದೆ ಬಂದಳು.

"ಚೌಡಮ್ಮನಿಗೆ ಹೊಡೆಯೋದು ಮರೀತಾರಾ ಸಾಹುಕಾರ್ರೆ?"

"ಅದು ಹೆಂಗೆ ಮರೀತಾರೆ?"

"ಹಂಗಾದ್ರೆ ಸಂಕದ ಕಟ್ಟೆ ಮೇಲೆ ಅಮ್ಮನ ಕೆಂಪು ಬಟ್ಟೆ ಕಟ್ತೀನಿ, ಒಂದು ಕಾಣಿಕೆ ಡಬ್ಬಿ ಇಡ್ತೀನಿ. ದೀಪ ಹಚ್ಚೋಳು ನಾನೇ ಅಲ್ವಾ? ಇನ್ಮೇಲೆ ಅಮ್ಮನಿಗೆ ಕೈ ಮುಗಿಯೋದು ಸಂಕದ ಹತ್ರ ಅಂತ ನಾನು ಹೇಳ್ತೀನಿ. ಮಕ್ಕಳು ಉಳಿಯೋದಾದ್ರೆ ಅಮ್ಮ ನಾಕು ಹೆಜ್ಜೆ ಈಚೆ ಬರಲ್ವಾ?"

ಚೌಡಮ್ಮನ ವಿಷಯದಲ್ಲಿ ಭೈರಮ್ಮನಿಗೆ ಎದುರಾಡುವ ಧೈರ್ಯ ಆ ಸ್ಟ್ಯಾಂಡಿನಲ್ಲಿ ಯಾವ ಗಂಡಸಿಗಿತ್ತು?

ಸೋಮವಾರ ಬೆಳಿಗ್ಗೆ ಕಲ್ಲುಸಂಕದಲ್ಲಿ ಕೆಂಪು ಬಟ್ಟೆ ಹಾರಾಡುತ್ತಿತ್ತು. ಮೊದಲ ಬಸ್ಸು ಹಾರನ್ ಹೊಡೆಯಿತು. ಹಿಂದೆ ಬಂದ ಲಾರಿಯೂ ಹೊಡೆಯಿತು. ಅದರ ಹಿಂದಿನ ಜೀಪಿನವನು ಎರಡು ಸಲ ಹೊಡೆದ. ಸೈಕಲ್ಲಿನ ಸಾಲು ಇಳಿದು ನಿಂತು, ಮತ್ತೆ ಹತ್ತಿ ಹೊರಟಿತು. ಪುಟ್ಟಪ್ಪ ಹೊಸ ಚಕ್ರ ಹಾಕಿಸಿಕೊಟ್ಟ ಸೈಕಲ್ಲಿನಲ್ಲಿ ರಮ್ಯ ಎಲ್ಲರಿಗಿಂತ ಮುಂದಿದ್ದಳು.

ಆದರೆ ಆ ಉದ್ದನೆಯ ಪೋಂ...ಓಂ ಮಾತ್ರ ಬರಲಿಲ್ಲ.

*

ಅದೇ ದಿನ ಸಂಜೆ ಪವಿತ್ರಾ ಮನೆಯ ಕಡೆ ತಿರುಗಲಿಲ್ಲ. ಕೊಪ್ಪ ದಾಟಿ, ಶೃಂಗೇರಿ ರಸ್ತೆಯಲ್ಲಿ ಏದುಸಿರು ಬಿಡುತ್ತಾ ಪೆಡಲ್ ತುಳಿದಳು. ಒಂದು ತಿರುವಿನ ಪಕ್ಕ, ಬಸ್ಸಿನವರಿಗೆ ದೂರದಿಂದಲೇ ಕಾಣುವಂಥ ಜಾಗದಲ್ಲಿ, ಸೈಕಲ್ ನಿಲ್ಲಿಸಿ ನಿಂತಳು.

ಹಸಿರು ಬಸ್ಸು ಬಂತು.

ಟ್ರಿಣ್ ಟ್ರಿಣ್ ಟ್ರಿಣ್...!

ಅವಳು ಬೆಲ್ಲನ್ನು ಬಿಡದೆ ಬಾರಿಸಿದಳು. ಬಸ್ಸು ನಿಂತಿತು. ಲೋಕೇಶ ಧುಮುಕಿ ಓಡಿ ಬಂದ. ಮೊದಲ ದಿನದಂತೆಯೇ!

"ಏನಾಯ್ತು ಟೀಚರ್? ಪೆಟ್ಟಾಯ್ತಾ?"

"ಆಯ್ತು," ಎಂದಳು. ಅಷ್ಟರಲ್ಲೇ ಅಳು ಬಂತು. "ನಾನೇ ಮಾಡ್ಕೊಂಡಿದ್ದು. ಲೋಕೇಶ್... ಅವತ್ತು ಯಾಕೆ ಬಾಯಿ ಬಿಡಲಿಲ್ಲ ನೀವು? ಮಕ್ಕಳಿಗೆ ಹೊಡೀತಿದ್ದೆ ಅಂತ ಒಂದು ಮಾತು ಹೇಳಬಾರದಿತ್ತಾ?"

ಅವನು ಹಣೆ ಒರೆಸಿಕೊಂಡ. ಬಸ್ಸಿನ ಕಡೆ ನೋಡಿದ, ರಸ್ತೆಯ ಕಡೆ ನೋಡಿದ.

"ಸಾಹುಕಾರ್ರು ಕೇಳಿದ್ದು, ಟೀಚರಮ್ಮನಿಗೆ ಹೊಡೀತೀಯಾ ಅಂತ. ಹೌದು ಅಂದಿದ್ರೆ ನಿಮ್ಮ ಹೆಸರು ಹಾಳಾಗ್ತಿತ್ತು. ಅಲ್ಲ ಅಂದಿದ್ರೆ..."

"ಅಂದಿದ್ರೆ?"

"ಸುಳ್ಳಾಗ್ತಿತ್ತು."

ಪವಿತ್ರಾ ಸೈಕಲ್ಲಿನ ಹ್ಯಾಂಡಲನ್ನು ಬಿಗಿಯಾಗಿ ಹಿಡಿದುಕೊಂಡಳು.

"ಶುರುವಲ್ಲಿ ಮಕ್ಕಳಿಗೇ ಹೊಡೀತಿದ್ದೆ. ಅವತ್ತು ನೀವು ಚರಂಡೀಲಿ ಬಿದ್ದಿದ್ದು ಕಣ್ಣಿಗೆ ಕಟ್ಟಿತ್ತು. ಇನ್ನೊಂದು ಸಲ ಹಂಗಾಗಬಾರದು ಅಂತ. ಆಮೇಲೆ... ಸಂಕ ಯಾವಾಗ ಬರುತ್ತೋ ಅಂತ ಎನ್.ಆರ್. ಪುರ ಬಿಟ್ಟಾಗಿಂದ ಕಾಯೋಕೆ ಶುರುಮಾಡಿದೆ. ಹಾರನ್ ಉದ್ದ ಆಗಿದ್ದು ಅದಕ್ಕೇ. ಅದು ತಪ್ಪಾಗಿದ್ರೆ ಕ್ಷಮಿಸಿ."

"ನಾನೂ ಕಾಯ್ತಿದ್ದೆ," ಎಂದಳು ಅವಳು, ಕಣ್ಣೀರಿನಲ್ಲೇ ನಗುತ್ತಾ. "ನೀವು ಹೋದ ಮೇಲೆ ಗೊತ್ತಾಯ್ತು."

ಬಸ್ಸಿನ ಕಿಟಕಿಗಳಲ್ಲಿ ತಲೆಗಳು ತುಂಬಿದ್ದವು. ಈ ಸಲ ಅವಳಿಗೆ ಮೈ ಉರಿಯಲಿಲ್ಲ.

"ನಾಳೆಯಿಂದ ನನ್ನನ್ನ ಬಾಳಗಡಿ ರೂಟಿಗೇ ಹಾಕಿದಾರೆ," ಎಂದ ಲೋಕೇಶ. "ಸಾಹುಕಾರ್ರು ಮಧ್ಯಾಹ್ನ ಹೇಳಿದ್ರು. ಸ್ಟ್ಯಾಂಡಲ್ಲಿ ಅವರು ನಿಮ್ಮನ್ನ ಎರಡು ಪ್ರಶ್ನೆ ಕೇಳಿದ್ರಂತೆ. ಒಂದಕ್ಕೇ ಉತ್ತರ ಕೊಟ್ರಂತಲ್ಲ?"

ಪವಿತ್ರಾ ಬೆಲ್ಲಿನ ಮೇಲೆ ಹೆಬ್ಬೆರಳು ಆಡಿಸುತ್ತಾ ನಿಂತಳು. ಆಮೇಲೆ ತಲೆ ಎತ್ತಿ ಅವನ ಕಣ್ಣನ್ನೇ ನೋಡಿದಳು.

"ಹಾರನ್ ಎಲ್ಲಾ ಡ್ರೈವರೂ ಹೊಡೀಬೇಕು. ಡ್ರೈವರ್ ಮಾತ್ರ... ನಂಗೆ ಒಬ್ಬರೇ ಸಾಕು."

ಲೋಕೇಶ ಮೆಲ್ಲನೆ ಕೈ ಚಾಚಿದ. ಈ ಸಲ ಅವಳು ಕೈ ಕೊಟ್ಟಳು.

ಪೋಂ... ಪೋಂ... ಪೋಂ...ಓಂ...!

ಇಬ್ಬರೂ ಬೆಚ್ಚಿಬಿದ್ದರು. ಕಂಡಕ್ಟರ್ ಡ್ರೈವರ್ ಸೀಟಿಗೆ ಬಗ್ಗಿ ಹಾರನ್ ಒತ್ತುತ್ತಿದ್ದ. ಒಳಗಿದ್ದವರೆಲ್ಲ ಹೋ ಎಂದು ನಗುತ್ತಿದ್ದರು.

"ಅಯ್ಯೋ, ಅದು ನಾನಲ್ಲ ಟೀಚರ್!"

"ಗೊತ್ತು. ನಿಮ್ಮ ಹಾರನ್ ನಂಗೆ ಗೊತ್ತಾಗಲ್ವಾ?" ಅವಳು ಸೈಕಲ್ ಹತ್ತಿದಳು. "ನಾಳೆ ಸಂಕದಲ್ಲಿ ಅಷ್ಟು ಉದ್ದ ಹೊಡೀಬೇಡಿ. ಮಕ್ಕಳು ನಗ್ತಾರೆ."

"ನಗಲಿ ಬಿಡಿ," ಎಂದ ಅವನು. "ಇಳಿದು ನಿಂತು ನಗಲಿ."